ಕನ್ನಡವೋ, ಕನ್ನಡದ ಚಿತ್ರವೋ?

ಮಾರೇನಹಳ್ಳಿಯಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆಗೆ ಒಂದು ಡಿ.ಟಿ.ಪಿ. ಅಂಗಡಿಯಿದೆ. ಮದುವೆಯ ಕರೆಯೋಲೆ, ಗಣೇಶೋತ್ಸವದ ಚಂದಾ ರಸೀತಿ, ಸಹಕಾರ ಸಂಘದ ವಾರ್ಷಿಕ ವರದಿ, ಅಪರೂಪಕ್ಕೊಂದು ಕವನಸಂಕಲನ, ಹೀಗೆ ವಿಜಯನಗರದ ಈ ಭಾಗದಲ್ಲಿ ಕನ್ನಡದಲ್ಲಿ ಅಚ್ಚಾಗಬೇಕಾದದ್ದು ಬಹುಮಟ್ಟಿಗೆ ಅಲ್ಲಿಯ ಎರಡು ಕಂಪ್ಯೂಟರುಗಳನ್ನು ಹಾದೇ ಹೋಗುತ್ತದೆ. ೨೦೦೩ರಲ್ಲಿ ನನ್ನ ಎಂ.ಎ. ಕಿರುಪ್ರಬಂಧ ಸಿದ್ಧವಾದದ್ದೂ ಅಲ್ಲಿಯೇ. ಯಜಮಾನರಿಗೆ ಈಗ ತಲೆ ನರೆತಿದೆ. ಬೆರಳಿನ ವೇಗ ಮಾತ್ರ ತಗ್ಗಿಲ್ಲ. ನನ್ನ ಕೈಬರಹವನ್ನು ನನಗಿಂತ ಚೆನ್ನಾಗಿ ಓದಬಲ್ಲವರು ಈ ಊರಿನಲ್ಲಿ ಅವರೊಬ್ಬರೇ.

ಕಳೆದ ವರ್ಷ ಒಂದು ಲೇಖನದ ಕರಡು ತಿದ್ದಲು ನಾನು ಅಲ್ಲಿ ಕುಳಿತಿದ್ದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂಗಿಯ ಮದುವೆಯ ಕರೆಯೋಲೆ ಮಾಡಿಸಲು ಬಂದ. ಯಾವುದೋ ಸಂಸ್ಥೆಯಲ್ಲಿ ಜಾಲತಾಣಗಳನ್ನು ಕಟ್ಟುವ ಕೆಲಸ ಅವನದು. ಒಕ್ಕಣೆಯನ್ನು ಅವನ ತಂದೆಯವರು ಮೊಬೈಲಿನಲ್ಲಿಯೇ ಚೊಕ್ಕ ಕನ್ನಡದಲ್ಲಿ ಬರೆದು ಕಳುಹಿಸಿದ್ದರು. ಯಜಮಾನರು ಅದನ್ನು ತಮ್ಮ ಪೇಜ್‌ಮೇಕರಿಗೆ ತಂದು ಅಂಟಿಸಿದರು. ಕುಲದೇವರ ಹೆಸರಿನಿಂದ ಹಿಡಿದು ಕಲ್ಯಾಣಮಂಟಪದ ವಿಳಾಸದವರೆಗೆ ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಮೂಡಿದವು.

“ಇದು ನುಡಿಯಲ್ಲಿಲ್ಲಪ್ಪ. ಮತ್ತೆ ಟೈಪ್ ಮಾಡಬೇಕು.”

“ಅಂಕಲ್, ಇದು ಯೂನಿಕೋಡು. ಪ್ರಪಂಚವೆಲ್ಲ ಇದರಲ್ಲೇ ಇದೆ. ನಿಮ್ಮ ಪೇಜ್‌ಮೇಕರನ್ನ ಇನ್ನಾದರೂ ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ.”

“ನೀವು ಹುಡುಗರು ವರ್ಷಕ್ಕೊಂದು ಹೊಸದು ತರ್ತೀರಿ, ವರ್ಷಕ್ಕೊಂದು ಬಿಸಾಡ್ತೀರಿ. ಇದು ಇಪ್ಪತ್ತು ವರ್ಷದಿಂದ ನನಗೆ ಅನ್ನ ಹಾಕ್ತಾ ಇದೆ. ಬೇಕಾದರೆ ಕೇಳು, ನಿಮ್ಮ ಮೇಷ್ಟ್ರೇ ಇದ್ದಾರಲ್ಲ.”

ಇಬ್ಬರೂ ನನ್ನತ್ತ ತಿರುಗಿದರು. ಕನ್ನಡದ ಅಧ್ಯಾಪಕ ಎಂದ ಮೇಲೆ ಕನ್ನಡದ ಜಗಳಕ್ಕೆ ತೀರ್ಪು ಕೊಡಬೇಕಲ್ಲ! ನಾನು ಕನ್ನಡಕ ಒರೆಸಿಕೊಂಡು, “ಒಂದು ದೃಷ್ಟಿಯಿಂದ ನೋಡಿದರೆ ಇಬ್ಬರದೂ ಸರಿ” ಎಂದು ಹೇಳಿ, ಕರಡಿನ ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಬಿದ್ದೆ. ಪಂಡಿತರಿಗೆ ಇದಕ್ಕಿಂತ ಕ್ಷೇಮವಾದ ವಾಕ್ಯ ಇನ್ನೊಂದಿಲ್ಲ. ಇಬ್ಬರದೂ ಸರಿಯಲ್ಲವೆಂದು ನನಗೆ ತಿಳಿದದ್ದು ಹದಿನೈದು ದಿನಗಳ ತರುವಾಯ. ಅಂದು ತಪ್ಪಿಸಿಕೊಂಡ ತೀರ್ಪನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನ ಬಿ.ಎ. ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಾಳೆ. ತನ್ನ ಕಂಪ್ಯೂಟರಿನಲ್ಲಿ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಇಟ್ಟುಕೊಂಡಿದ್ದಾಳೆ, ಎನ್.ವಿ.ಡಿ.ಎ. ಎಂದು ಅದರ ಹೆಸರು, ಕಾಸು ಕೊಡಬೇಕಾದದ್ದಲ್ಲ. ಅದರ ದನಿ ಸ್ವಲ್ಪ ಗೊಗ್ಗರು. ಉಚ್ಚಾರಣೆಯಲ್ಲಿ ಯಂತ್ರದ ಬಿಗಿ ಇದೆ. ಆದರೂ ಆ ದನಿಯಲ್ಲಿ ಅವಳು ದಿನಪತ್ರಿಕೆಯನ್ನು ಓದುತ್ತಾಳೆ, ಕನ್ನಡ ವಿಕಿಪೀಡಿಯವನ್ನು ಓದುತ್ತಾಳೆ, ಗೆಳತಿಯರು ಕಳುಹಿಸಿದ ಹರಟೆಯನ್ನೂ ಓದುತ್ತಾಳೆ. ಪಂಪನ ಪಾಠಕ್ಕೆ ನಾನು ಮಾಡಿಕೊಂಡಿದ್ದ ಟಿಪ್ಪಣಿಯನ್ನು ಅವಳು ಕೇಳಿದಳು. ೨೦೦೯ರಿಂದ ಪ್ರತಿ ವರ್ಷ ಹುಡುಗರಿಗೆ ಹಂಚುತ್ತಾ ಬಂದಿರುವ ಟಿಪ್ಪಣಿ ಅದು. ಹೆಮ್ಮೆಯಿಂದಲೇ ಪೆನ್‌ಡ್ರೈವಿನಲ್ಲಿ ಕೊಟ್ಟೆ.

ಮರುದಿನ ಅವಳು ಬಂದು, “ಸರ್, ಏನೂ ಕೇಳಿಸ್ತಾ ಇಲ್ಲ” ಎಂದಳು. ನನ್ನ ಎದುರಿಗೇ ತೆರೆದಳು. ಪರದೆಯ ಮೇಲೆ ‘ಕನ್ನಡ’ ಎಂದು ಸ್ಪಷ್ಟವಾಗಿ ನನಗೆ ಕಾಣುತ್ತಿದೆ. ಅದನ್ನು ಒಂದೊಂದೇ ಅಕ್ಷರವಾಗಿ ಓದಿಸಿದಾಗ ಯಂತ್ರ ಹೇಳಿದ್ದೇನು? ‘ಪಿ’ ಎಂದಿತು. ತಲೆಯ ಮೇಲೆ ಗೀಟಿರುವ ‘ಎ’ ಎಂದಿತು. ‘ಪೌಂಡ್’ ಎಂದಿತು. ಹದಿನಾಲ್ಕು ಪುಟಗಳಲ್ಲಿ ಒಂದು ಕನ್ನಡ ಅಕ್ಷರವನ್ನೂ ಅದು ಓದಲಿಲ್ಲ.

ದೋಷ ಯಂತ್ರದ್ದಲ್ಲ. ಅಲ್ಲಿ ಕನ್ನಡ ಇರಲೇ ಇಲ್ಲ. ಹಾಗೆಂದರೇನೆಂದು ತುಸು ಬಿಡಿಸಿ ಹೇಳಬೇಕು. ಬೇಸರಪಡಬಾರದು, ಜಗಳದ ತಿರುಳೆಲ್ಲ ಇಲ್ಲಿಯೇ ಇದೆ.

ಹಳೆಯ ಅಚ್ಚುಕೂಟವನ್ನು ನೋಡಿದವರಿಗೆ ಮೊಳೆಗಳ ಪೆಟ್ಟಿಗೆ ನೆನಪಿರಬಹುದು. ಗೂಡುಗೂಡಾಗಿ ಅಕ್ಷರದ ಒಡಲು, ತಲೆಕಟ್ಟು, ಕೊಂಬು, ಒತ್ತು ಬೇರೆಬೇರೆ ಬಿದ್ದಿರುತ್ತಿದ್ದವು. ಜೋಡಿಸುವವನು ಆಯ್ದು ಹೊಂದಿಸುತ್ತಿದ್ದ. ಕಂಪ್ಯೂಟರು ಬಂದ ಮೊದಲ ದಿನಗಳಲ್ಲಿ ಒಂದು ಫಾಂಟಿನೊಳಗೆ ಇದ್ದದ್ದು ಹೆಚ್ಚೆಂದರೆ ೨೫೬ ಗೂಡುಗಳು, ಅವೂ ಇಂಗ್ಲಿಷಿಗೆ ಮತ್ತು ಯೂರೋಪಿನ ಕೆಲವು ಭಾಷೆಗಳಿಗೆ ಮೀಸಲಾದವು. ನಮ್ಮವರು ಮಾಡಿದ ಉಪಾಯ ಇಷ್ಟೆ: ಆ ಗೂಡುಗಳಲ್ಲಿದ್ದ ಇಂಗ್ಲಿಷ್ ಅಕ್ಷರಗಳ ಆಕಾರವನ್ನು ಅಳಿಸಿ, ಅಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ಯಂತ್ರಕ್ಕೆ ಇದರ ಸುಳಿವೇ ಇಲ್ಲ. ಅದರ ಪಾಲಿಗೆ ಅದು ‘ಪಿ’ಯೇ, ನಮ್ಮ ಕಣ್ಣಿಗೆ ಮಾತ್ರ ‘ಕ’ಕಾರದ ಒಡಲು. ‘ಕನ್ನಡ’ ಎಂಬ ಪದದಲ್ಲಿ ‘ನ’ಕಾರ ಕುಳಿತಿರುವುದು ಇಂಗ್ಲೆಂಡಿನ ಪೌಂಡು ನಾಣ್ಯದ ಚಿಹ್ನೆಯ ಗೂಡಿನಲ್ಲಿ, ಅದರ ಒತ್ತು ಕುಳಿತಿರುವುದು ಜರ್ಮನರು ಎರಡು ‘ಎಸ್’ಗಳಿಗೆ ಬದಲಾಗಿ ಬರೆಯುವ ಅಕ್ಷರದ ಗೂಡಿನಲ್ಲಿ. ಹೀಗೆ ಏಳು ಪರದೇಶಿ ಚಿಹ್ನೆಗಳು ವೇಷ ಹಾಕಿಕೊಂಡು ನಿಂತರೆ ಅದು ‘ಕನ್ನಡ’. ವೇಷ ಕಳಚಿದರೆ, ಎಂದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ, ಏನು ಕಾಣುತ್ತದೆಂಬುದನ್ನು ವಾಚಕರಲ್ಲಿ ಬಹುಮಂದಿ ಒಂದಲ್ಲ ಒಂದು ದಿನ ಕಂಡೇ ಇರುತ್ತಾರೆ.

ಇನ್ನೊಂದು ಸೋಜಿಗವಿದೆ. ‘ವ’ಕಾರದ ಒಡಲಿಗೆ ತಲೆಕಟ್ಟು ಹಾಕಿ, ‘ಕು’ವಿಗೆ ಹಚ್ಚುವ ಕೊಂಬನ್ನೇ ಹಚ್ಚಿದರೆ ನುಡಿಯ ಫಾಂಟುಗಳಲ್ಲಿ ‘ಮ’ ಆಗುತ್ತದೆ. ಕಣ್ಣಿಗೆ ಸರಿ. ಆದರೆ ಯಂತ್ರದ ಲೆಕ್ಕದಲ್ಲಿ ‘ಮರ’ವೂ ‘ಮನೆ’ಯೂ ‘ವ’ಕಾರದ ಸಂತಾನವೇ. ‘ಧರ್ಮ’ ಎಂದು ಬರೆದರೆ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಕೊನೆಗೆ ಬರುತ್ತದೆ. ನಾಲಗೆ ‘ಮ’ಕಾರಕ್ಕೆ ಮುಂಚೆ ನುಡಿಯುವ ರೇಫೆಯನ್ನು ಯಂತ್ರ ‘ಮ’ಕಾರದ ಆಚೆಗೆ ಇಟ್ಟುಕೊಳ್ಳುತ್ತದೆ. ಇಂಥ ಬರಹದಲ್ಲಿ ಒಂದು ಪದವನ್ನು ಹುಡುಕಿಸಿ ನೋಡಿ, ಒಂದು ಪದಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ನೋಡಿ. ಕನ್ನಡದ ವರ್ಣಮಾಲೆಯನ್ನು ಇಷ್ಟು ಅಸ್ತವ್ಯಸ್ತವಾಗಿ ನೀವು ಎಲ್ಲಿಯೂ ಕಂಡಿರಲಾರಿರಿ. ಇದು ಕನ್ನಡದ ಚಿತ್ರವೇ ಹೊರತು ಕನ್ನಡವಲ್ಲ. ಕಾಗದದ ಮೇಲೆ ಅಚ್ಚು ಹಾಕುವುದಕ್ಕೆ ಚಿತ್ರ ಸಾಕು. ಬೇರೆ ಯಾವುದಕ್ಕೂ ಸಾಲದು.

ಯೂನಿಕೋಡಿನ ವ್ಯವಸ್ಥೆ ಇದಕ್ಕೆ ಪೂರ್ತಿ ಬೇರೆ. ಅಲ್ಲಿ ‘ಕ’ಕಾರಕ್ಕೆ ತನ್ನದೇ ಆದ ಸಂಖ್ಯೆ ಇದೆ, ಅದರಲ್ಲಿ ಇಂಗ್ಲಿಷಿನ ಪಾಲಿಲ್ಲ, ಜರ್ಮನರ ಪಾಲಿಲ್ಲ. ‘ಕನ್ನಡ’ ಎಂಬುದು ಐದು ಸಂಕೇತ: ಕ, ನ, ಹಲಂತದ ಗುರುತು, ಮತ್ತೆ ನ, ಕೊನೆಗೆ ಡ. ಶಾಲೆಯಲ್ಲಿ ಕಾಗುಣಿತ ಕಲಿಸಿದ ಉಪಾಧ್ಯಾಯರು ಬಿಡಿಸಿ ಹೇಳುತ್ತಿದ್ದುದೂ ಹೆಚ್ಚುಕಡಮೆ ಹೀಗೆಯೇ. ಒತ್ತು ಎಲ್ಲಿ ಬೀಳಬೇಕು, ಕೊಂಬು ಎತ್ತ ಬಾಗಬೇಕು ಎಂಬ ಅಲಂಕಾರದ ಕೆಲಸವನ್ನು ಫಾಂಟು ನೋಡಿಕೊಳ್ಳುತ್ತದೆ. ಯಂತ್ರಕ್ಕೆ ಸಿಕ್ಕುವುದು ಅಕ್ಷರ, ನಮ್ಮ ಕಣ್ಣಿಗೆ ಸಿಕ್ಕುವುದು ಆಕಾರ. ಆದುದರಿಂದಲೇ ಆ ಹುಡುಗಿಯ ಯಂತ್ರ ದಿನಪತ್ರಿಕೆಯನ್ನು ಓದಬಲ್ಲದು, ಅವಳ ಅಧ್ಯಾಪಕನ ಟಿಪ್ಪಣಿಯನ್ನು ಓದಲಾರದು.

ಈಗ ಯಜಮಾನರ ಮುಖ್ಯ ವಾದಕ್ಕೆ ಬರುತ್ತೇನೆ. ಹಳೆಯದು ಪಳಗಿದ್ದು, ಹೊಸದು ಹುಡುಗಾಟ ಎಂಬುದು ಅವರ ಮಾತು. ನನ್ನ ಸಹೋದ್ಯೋಗಿಗಳಲ್ಲಿ ಹಲವರ ಮಾತೂ ಅದೇ. ಇಸವಿಗಳನ್ನು ಸ್ವಲ್ಪ ನೋಡೋಣ. ಕನ್ನಡ ಅಕ್ಷರಗಳು ಯೂನಿಕೋಡಿನಲ್ಲಿ ಸೇರಿದ್ದು ಅದರ ಮೊದಲನೆಯ ಆವೃತ್ತಿಯಲ್ಲಿಯೇ, ೧೯೯೧ರಲ್ಲಿ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಹೊರಬಂದದ್ದು ೧೯೯೮ರಲ್ಲಿ. ‘ನುಡಿ’ ಬಂದದ್ದು ಅದರ ಬಳಿಕ, ಈ ಶತಮಾನದ ಮೊದಲ ವರ್ಷಗಳಲ್ಲಿ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ ಏಳನೆಯದು ೨೦೦೧ರದು. ಹಾಗಾದರೆ ಇವುಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು? ಹಳೆಯದೆಂದು ನಾವು ಅಪ್ಪಿಕೊಂಡಿರುವುದೆಲ್ಲ ಹೊಸದೆಂದು ಹೆದರುತ್ತಿರುವುದಕ್ಕಿಂತ ಚಿಕ್ಕ ಪ್ರಾಯದ್ದು! ಯೂನಿಕೋಡಿನಲ್ಲಿ ಒಮ್ಮೆ ಕೊಟ್ಟ ಸಂಖ್ಯೆಯನ್ನು ಹಿಂದಕ್ಕೆ ಪಡೆಯುವುದಿಲ್ಲವೆಂಬ ಕಟ್ಟುಪಾಡೂ ಇದೆ. ಸನಾತನಿಗಳಿಗೆ ಮೆಚ್ಚುಗೆಯಾಗಬೇಕಾದದ್ದು ಅದೇ.

“ಎಲ್ಲೋ ಅಮೆರಿಕೆಯಲ್ಲಿ ಕುಳಿತವರು ನಮ್ಮ ಅಕ್ಷರಕ್ಕೆ ಸಂಖ್ಯೆ ಕೊಡುವುದೇ?” ಎಂದು ಹಿರಿಯ ಮಿತ್ರರೊಬ್ಬರು ಕೆಂಡಕಾರಿದರು. ಅವರ ಸಿಟ್ಟಿನಲ್ಲಿ ಅರ್ಧದಷ್ಟು ನ್ಯಾಯವಿದೆ. ಹಳಗನ್ನಡದ ನಮ್ಮ ‘ೞ’ಕಾರಕ್ಕೆ ಆ ಮಹನೀಯರು ‘ಫ’ ಎಂದು ಹೆಸರಿಟ್ಟಿದ್ದಾರೆ. ಹೆಸರನ್ನೂ ಬದಲಿಸಬಾರದೆಂಬ ನಿಯಮವಿರುವುದರಿಂದ, ತಪ್ಪನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಒಂದು ಸರಿಯಾದ ಹೆಸರನ್ನು ಅಂಟಿಸಿದ್ದಾರೆ. ‘ಹ’ಕಾರದ ಆಚೆಗೆ ಇರಬೇಕಾದ ನಮ್ಮ ‘ಳ’ಕಾರ ‘ಲ’ಕಾರದ ಬಗಲಿಗೆ ಬಂದು ಕೂತಿದೆ. ನಕ್ಕು ಬಿಡುವ ಸಂಗತಿಗಳಲ್ಲ ಇವು. ಕೇಶಿರಾಜನ ನಾಡಿನವರು ಆಗ ಆ ಸಭೆಯಲ್ಲಿ ಇರಬೇಕಾಗಿತ್ತು. ಆದರೆ ಆ ಜೋಡಣೆಯ ಮೂಲ ಅಮೆರಿಕೆಯಲ್ಲ, ನಮ್ಮ ದೇಶವೇ ೧೯೮೮ರಲ್ಲಿ ಮಾಡಿಕೊಂಡಿದ್ದ ‘ಇಸ್ಕಿ’ ಎಂಬ ಸಂಕೇತವ್ಯವಸ್ಥೆ. ಅದರ ಫಲವಾಗಿ ಕನ್ನಡದ ‘ಕ’ಕಾರಕ್ಕೂ ತೆಲುಗಿನ ‘ಕ’ಕಾರಕ್ಕೂ ಸರಿಯಾಗಿ ೧೨೮ ಮನೆಗಳ ಅಂತರ, ‘ಗ’ಕಾರಕ್ಕೂ ಅಷ್ಟೇ, ‘ಹ’ಕಾರಕ್ಕೂ ಅಷ್ಟೇ. ಒಂದು ತಾಯ ಮಕ್ಕಳಾದ ಎರಡು ಲಿಪಿಗಳನ್ನು ಇಷ್ಟು ಅಚ್ಚುಕಟ್ಟಾಗಿ ಅಕ್ಕಪಕ್ಕ ಕೂರಿಸಿದ್ದನ್ನು ನೋಡಿದರೆ ಲಿಪಿಶಾಸ್ತ್ರ ಓದಿದವರಿಗೆ ಸಂತೋಷವೇ ಆಗಬೇಕು. ಪೌಂಡಿನ ಗೂಡಿನಲ್ಲಿ ‘ನ’ಕಾರವನ್ನು ಕೂರಿಸಿದ ವ್ಯವಸ್ಥೆಯನ್ನು ಸ್ವದೇಶಿ ಎಂದು ಕರೆದು, ‘ನ’ಕಾರಕ್ಕೆ ಸ್ವಂತ ಮನೆ ಕೊಟ್ಟದ್ದನ್ನು ಪರದೇಶಿ ಎಂದು ಜರೆಯುವುದು ಯಾವ ನ್ಯಾಯವೋ ನಾನು ಕಾಣೆ.

ಹಾಗೆಂದು ನನ್ನ ಶಿಷ್ಯನಂತೆ ಹಳಬರನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ಅಟ್ಟುವ ಧಾಟಿ ನನ್ನದಲ್ಲ. ಯೂನಿಕೋಡು ೧೯೯೧ರಲ್ಲಿ ಕಾಗದದ ಮೇಲೆ ಇತ್ತು. ಜನರ ಮೇಜಿನ ಮೇಲೆ ಇರಲಿಲ್ಲ. ವಿಂಡೋಸ್ ಕಂಪ್ಯೂಟರಿಗೆ ಕನ್ನಡ ಸಹಜವಾಗಿ ಬಂದದ್ದು ೨೦೦೧ರ ಎಕ್ಸ್‌ಪಿ ಆವೃತ್ತಿಯೊಡನೆ, ‘ತುಂಗಾ’ ಎಂಬ ಫಾಂಟಿನ ರೂಪದಲ್ಲಿ. ಆಂಡ್ರಾಯ್ಡ್ ಮೊಬೈಲುಗಳು ಕನ್ನಡವನ್ನು ಸರಿಯಾಗಿ ತೋರಿಸಲು ೨೦೧೨ರವರೆಗೆ ಕಾಯಬೇಕಾಯಿತು. ಅಷ್ಟು ಕಾಲ ಕನ್ನಡಿಗರು ಕೈಕಟ್ಟಿ ಕೂರಬೇಕಾಗಿತ್ತೇ? ಕೆ. ಪಿ. ರಾಯರು ರೂಪಿಸಿದ ಕೀಲಿಮಣೆ ಇಲ್ಲದಿದ್ದರೆ, ‘ಬರಹ’ ಇಲ್ಲದಿದ್ದರೆ, ಕಡಲಾಚೆಯ ಕನ್ನಡಿಗರು ಊರಿಗೆ ಇಂಗ್ಲಿಷಿನಲ್ಲಿಯೇ ಪತ್ರ ಬರೆಯುತ್ತಿದ್ದರು. ಪೂರ್ಣಚಂದ್ರ ತೇಜಸ್ವಿಯವರಂಥ ದೊಡ್ಡ ಲೇಖಕರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ತಲೆಕೆಡಿಸಿಕೊಂಡದ್ದು ಸುಮ್ಮನೆ ಅಲ್ಲ.

ನುಡಿಯ ಚರಿತ್ರೆಯಲ್ಲಿ ಒಂದು ಪಾಠವಿದೆ. ಅದನ್ನು ನುಡಿಯ ಅಭಿಮಾನಿಗಳೇ ಮರೆತಿದ್ದಾರೆ. ಅದಕ್ಕೆ ಹಿಂದೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಒಂದೊಂದು ಕಂಪೆನಿಗೆ ಒಂದೊಂದು ಗೂಡಿನ ಪೆಟ್ಟಿಗೆ. ಒಬ್ಬರ ಅಂಗಡಿಯಲ್ಲಿ ಜೋಡಿಸಿದ್ದು ಇನ್ನೊಬ್ಬರ ಅಂಗಡಿಯಲ್ಲಿ ತೆರೆಯುತ್ತಿರಲಿಲ್ಲ. ಸರ್ಕಾರವೂ ಕನ್ನಡ ಗಣಕ ಪರಿಷತ್ತೂ ಮುಂದೆ ಬಂದು, ತುಂಡುಗಳಿಗೆಲ್ಲ ಒಂದೇ ಕ್ರಮ ಗೊತ್ತುಮಾಡಿ, ನುಡಿಯನ್ನು ಉಚಿತವಾಗಿ ಹಂಚಿದಾಗ ಅದು ದೊಡ್ಡ ಸುಧಾರಣೆಯೇ ಆಗಿತ್ತು. ಅಂದು ನಮ್ಮ ಯಜಮಾನರೇ ತಮ್ಮ ಹಳೆಯ ಫಾಂಟುಗಳನ್ನು ಬಿಟ್ಟು ನುಡಿಗೆ ಬಂದರು. “ಇನ್ನು ಮೇಲೆ ಯಾರ ಫೈಲು ಯಾರು ಬೇಕಾದರೂ ತೆಗೀಬಹುದು ಮೇಷ್ಟ್ರೇ” ಎಂದು ಅವರು ಸಂಭ್ರಮಪಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಅದೇ ಮಾತನ್ನು ಈಗ ಹುಡುಗ ಆಡಿದರೆ ಅದು ಉದ್ಧಟತನವಾಗುತ್ತದೆ!

ಜಾಲತಾಣಗಳ ಕಥೆಯನ್ನೂ ಹೇಳಬೇಕು. ನನ್ನ ಶಿಷ್ಯನ ಕಸುಬು ಅದೇ ತಾನೆ. ೨೦೦೦ದ ಆಸುಪಾಸಿನಲ್ಲಿ ಕನ್ನಡ ಪತ್ರಿಕೆಯೊಂದರ ತಾಣವನ್ನು ನೋಡಬೇಕಾದರೆ ಮೊದಲು ಆ ಪತ್ರಿಕೆಯ ಫಾಂಟನ್ನು ಇಳಿಸಿಕೊಳ್ಳಬೇಕಾಗಿತ್ತು. ಇನ್ನೊಂದು ಪತ್ರಿಕೆಗೆ ಇನ್ನೊಂದು ಫಾಂಟು. ಫಾಂಟು ತಾನಾಗಿಯೇ ಓದುಗರ ಯಂತ್ರಕ್ಕೆ ಇಳಿಯುವ ಒಂದು ಉಪಾಯವನ್ನೂ ಕೆಲವರು ಹೂಡಿದರು. ಒಂದು ಬಗೆಯ ಬ್ರೌಸರಿನಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುತ್ತಿರಲಿಲ್ಲ. ಆ ತಾಣಗಳನ್ನು ಕಟ್ಟಿದ ತಜ್ಞರು ಅಂದಿನ ಉಪಕರಣಗಳಲ್ಲಿ ನಿಪುಣರೇ. ಆದರೆ ಆ ಪುಟಗಳು ಎಲ್ಲಿಯಾದರೂ ಉಳಿದಿದ್ದರೂ ಇಂದು ತೆರೆದರೆ ಕಾಣುವುದು ಅದೇ ಪೌಂಡು, ಅದೇ ಗೀಟಿನ ‘ಎ’. ೧೮೪೩ರ ‘ಮಂಗಳೂರ ಸಮಾಚಾರ’ದ ಹಾಳೆ ಸಿಕ್ಕಿದರೆ ಇಂದಿಗೂ ಓದಬಹುದು, ಇಪ್ಪತ್ತೈದು ವರ್ಷದ ಹಿಂದಿನ ಜಾಲಪುಟವನ್ನು ಓದಲಾಗುವುದಿಲ್ಲ.

ಆ ದಿನ ಅಂಗಡಿಯಿಂದ ಹೊರಬಂದ ಮೇಲೆ ನನ್ನ ಶಿಷ್ಯ ರಸ್ತೆಯಲ್ಲಿ ಸಿಕ್ಕಿ ನಕ್ಕ: “ನಮ್ಮ ಆಫೀಸಿನಲ್ಲೂ ಇದೇ ಜಗಳ ಸರ್. ಹಳೇ ರೀತಿಯಲ್ಲಿ ಬರೆದದ್ದು ಓಡ್ತಾ ಇದೆಯಲ್ಲ, ಯಾಕೆ ಮುಟ್ಟಬೇಕು ಅಂತಾರೆ ಸೀನಿಯರ್‌ಗಳು.” ಒಂದೇ ತಾಣವನ್ನು ಆರು ವರ್ಷಗಳಲ್ಲಿ ಮೂರು ಬಾರಿ ಹೊಸ ಹೊಸ ಉಪಕರಣಗಳಿಂದ ಕಟ್ಟಿದ್ದನ್ನೂ ಅವನು ಒಪ್ಪಿಕೊಂಡ. ಮೂರನೆಯ ಸಲ ಏನು ಲಾಭವಾಯಿತು ಎಂದು ಕೇಳಿದ್ದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಯಜಮಾನರು ರೇಗುವುದು ಈ ಚಾಳಿಗೆ, ಅದು ರೇಗತಕ್ಕದ್ದೇ. ಉಪಕರಣಗಳಲ್ಲಿ ಫ್ಯಾಷನ್ನು ಇದೆ, ಅದನ್ನು ತಿರಸ್ಕರಿಸುವ ಹಕ್ಕು ಕಸುಬುದಾರನಿಗೆ ಇದೆ. ಆದರೆ ಬರೆದದ್ದು ನಾಳೆಗೆ ಉಳಿಯುವುದೇ, ಪರರಿಗೆ ದಕ್ಕುವುದೇ ಎಂಬ ಪ್ರಶ್ನೆ ಫ್ಯಾಷನ್ನಿನದಲ್ಲ. ಹುಡುಗರು ಈ ಎರಡನ್ನೂ ಕಲಸಿ ಮಾತನಾಡುವುದರಿಂದಲೇ ಹಿರಿಯರು ಕಿವಿಮುಚ್ಚಿಕೊಳ್ಳುತ್ತಾರೆ.

ಅಂಗಡಿಯವರ ಕಷ್ಟವೂ ಬರಿಯ ಹಟವಲ್ಲ. ಪೇಜ್‌ಮೇಕರಿಗೆ ಯೂನಿಕೋಡು ತಿಳಿಯದು. ಅದರ ಜಾಗಕ್ಕೆ ಬಂದ ಇನ್‌ಡಿಸೈನಿಗೆ ತಿಂಗಳು ತಿಂಗಳೂ ಬಾಡಿಗೆ ಕಟ್ಟಬೇಕು. ಕರೆಯೋಲೆಯ ಸಂಪಾದನೆಯಲ್ಲಿ ಅದು ಹೊರೆಯೇ. ಉಚಿತವಾದ ಸ್ಕ್ರೈಬಸ್ಸಿನ ಈಚಿನ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ, ಆದರೆ ಅದನ್ನು ಕಲಿಸುವವರಿಲ್ಲ. ಅಂದದ ಫಾಂಟುಗಳು ಬಹುಕಾಲ ಹಳೆಯ ಪೆಟ್ಟಿಗೆಯಲ್ಲಿಯೇ ಹೆಚ್ಚಾಗಿದ್ದವು. ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳೇನೋ ಇವೆ. ಆದರೆ ‘ಪಿ’ ಎಂಬುದು ಎಲ್ಲಿ ‘ಕ’ಕಾರದ ಒಡಲು, ಎಲ್ಲಿ ನಿಜವಾದ ಇಂಗ್ಲಿಷ್ ‘ಪಿ’ ಎಂಬುದು ಅವಕ್ಕೆ ಎಷ್ಟೋ ಸಲ ತಿಳಿಯದೆ, ನಡುವೆ ಬಂದ ಇಂಗ್ಲಿಷ್ ಹೆಸರುಗಳೆಲ್ಲ ಕನ್ನಡದ ಚೂರುಪಾರುಗಳಾಗಿಬಿಡುತ್ತವೆ. ಆಮೇಲೆ ಕುಳಿತು ತಿದ್ದಬೇಕು. ಆ ಕೂಲಿಯನ್ನು ಕೊಡುವವರು ಯಾರು?

ಕಷ್ಟವಲ್ಲದ್ದು ಒಂದಿದೆ, ಅದನ್ನೇ ಜನ ಎಲ್ಲಕ್ಕಿಂತ ದೊಡ್ಡ ಕಷ್ಟವೆಂದು ಹೇಳುತ್ತಾರೆ: “ಕೈ ಕುದುರಿದೆ, ಈ ವಯಸ್ಸಿನಲ್ಲಿ ಬೇರೆ ಕಲಿಯೋದು ಹೇಗೆ?” ಕಲಿಯಬೇಕಾದದ್ದು ಏನೂ ಇಲ್ಲ. ಕೀಲಿಮಣೆಗೂ ಸಂಕೇತಕ್ಕೂ ಸಂಬಂಧವಿಲ್ಲ. ಅದೇ ಕೆ. ಪಿ. ರಾಯರ ಮಣೆಯಲ್ಲಿ, ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿ ಯೂನಿಕೋಡಿನಲ್ಲಿ ಬರೆಯಬಹುದು. ನುಡಿ ತಂತ್ರಾಂಶದ ಒಳಗೇ ಆ ಅನುಕೂಲವಿದೆ. ಇದನ್ನು ಎಷ್ಟು ಮಂದಿ ಅಧ್ಯಾಪಕರಿಗೆ ತೋರಿಸಿದ್ದೇನೋ ಲೆಕ್ಕವಿಲ್ಲ, ಪ್ರತಿಯೊಬ್ಬರೂ ಹುಬ್ಬೇರಿಸಿದ್ದಾರೆ. ಹೀಗಾಗಿ ನಾನು ನುಡಿಯನ್ನು ಬಿಡಿ ಎಂದು ಹೇಳುತ್ತಿಲ್ಲ. ನುಡಿಯಲ್ಲಿಯೇ ಬರೆಯಿರಿ, ಚಿತ್ರವನ್ನು ಬರೆಯಬೇಡಿ, ಅಕ್ಷರವನ್ನು ಬರೆಯಿರಿ ಎನ್ನುತ್ತಿದ್ದೇನೆ.

ಈ ಕಾರಣದಿಂದಲೇ ನನ್ನ ಆಕ್ಷೇಪಣೆ ಮಾರೇನಹಳ್ಳಿಯ ಅಂಗಡಿಯವರ ಮೇಲೆ ಅಲ್ಲ. ಅವರು ಗಿರಾಕಿ ಕೇಳಿದ್ದನ್ನು ಕೊಡುವವರು. ಕನ್ನಡದ ಹೆಸರಿನಲ್ಲಿ ಸಂಬಳ ಎಣಿಸುವ ನಾವು ಕೇಳುತ್ತಿರುವುದಾದರೂ ಏನು? ವಿದ್ವತ್ಪತ್ರಿಕೆಗಳ ಹಿಂಬದಿಯ ಪುಟವನ್ನು ತಿರುವಿ ನೋಡಿ: ‘ಲೇಖನಗಳನ್ನು ನುಡಿ ೦೧ ಇ ಫಾಂಟಿನಲ್ಲಿ ಕಳುಹಿಸತಕ್ಕದ್ದು.’ ನಾನು ಯೂನಿಕೋಡಿನಲ್ಲಿ ಕಳುಹಿಸಿದ ಲೇಖನವೊಂದು ಹೀಗೆ ಹಿಂದಿರುಗಿತು. ‘ನಿಯಮಾನುಸಾರ ಇಲ್ಲ’ ಎಂದು ಬರೆದಿದ್ದರು. ಲೇಖನದ ಗುಣಾವಗುಣದ ಮಾತೇ ಇಲ್ಲ. ಕನ್ನಡದಲ್ಲಿ ಬರೆದದ್ದನ್ನು ಪೌಂಡುಗಳಾಗಿ ಪರಿವರ್ತಿಸಿ ಕಳುಹಿಸಿದ ಮೇಲೆ ಅದು ನಿಯಮಾನುಸಾರವಾಯಿತು! ಇ-ಆಡಳಿತಕ್ಕೆ ಯೂನಿಕೋಡೇ ಶಿಷ್ಟ ಸಂಕೇತವೆಂದು ಕೇಂದ್ರ ಸರ್ಕಾರ ೨೦೦೯ರಲ್ಲಿಯೇ ಗೊತ್ತುಮಾಡಿತು. ನಮ್ಮ ರಾಜ್ಯವೂ ಬಳಿಕ ಒಪ್ಪಿತು. ಆದೇಶದ ಪ್ರತಿ ಕಡತದಲ್ಲಿ ಕ್ಷೇಮವಾಗಿರಬೇಕು.

ಇದರ ನಷ್ಟ ಎಷ್ಟೆಂಬುದನ್ನು ಲಾಭವಾದ ಕಡೆ ನೋಡಿ ತಿಳಿಯಬೇಕು. ಸಮಗ್ರ ವಚನಸಂಪುಟ ಹದಿನೈದು ಸಂಪುಟಗಳಲ್ಲಿ ಅಚ್ಚಾಗಿದೆ. ಒಂದು ಪದವನ್ನು ಬಸವಣ್ಣನವರು ಎಷ್ಟು ಕಡೆ, ಯಾವ ಅರ್ಥದಲ್ಲಿ ಬಳಸಿದ್ದಾರೆಂದು ತಿಳಿಯಲು ನಮ್ಮ ಗುರುಗಳು ಚೀಟಿ ಬರೆದು, ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ವರ್ಷಗಟ್ಟಲೆ ಕೂರುತ್ತಿದ್ದರು. ಕೆಲವು ಉತ್ಸಾಹಿಗಳು ಸೇರಿ ‘ವಚನ ಸಂಚಯ’ವೆಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡಿನಲ್ಲಿ ಇಟ್ಟಮೇಲೆ, ಅದೇ ಕೆಲಸ ಪದ ಬರೆದು ಗುಂಡಿ ಒತ್ತಿದರೆ ಆಗುತ್ತದೆ. ಪಂಡಿತ ಮಂಡಲಿಗಳು ಮಾಡಬೇಕಾಗಿದ್ದ ಕೆಲಸ ಅದು. ಬಿಡುವಿನ ವೇಳೆಯಲ್ಲಿ ದುಡಿಯುವ ಕಂಪ್ಯೂಟರಿನ ಹುಡುಗರು ಮಾಡಿದರು. ನಾವು ಕೈಮುಗಿದು ಬಳಸುತ್ತಿದ್ದೇವೆ. ಬಳಸಿಕೊಂಡು ಬರೆದ ಸಂಶೋಧನ ಪ್ರಬಂಧವನ್ನು ಮಾತ್ರ ಮತ್ತೆ ನುಡಿ ೦೧ ಇ ಫಾಂಟಿನಲ್ಲಿ ಮುಚ್ಚಿಡುತ್ತೇವೆ. ಸಾಲಸೋಲ ಮಾಡಿ ಐದಾರು ವರ್ಷ ಹಳ್ಳಿಹಳ್ಳಿ ಸುತ್ತಿ ಹಾಡು, ಗಾದೆ, ಕಸುಬಿನ ಮಾತುಗಳನ್ನು ಕೂಡಿಸಿದ ಹುಡುಗಿಯರಿದ್ದಾರೆ. ಅವರ ಮಹಾಪ್ರಬಂಧಗಳು ವಿಶ್ವವಿದ್ಯಾನಿಲಯದ ಭಂಡಾರದಲ್ಲಿ ಇವೆ, ಜಾಲದಲ್ಲಿಯೂ ಏರಿವೆ. ಹೆಸರು ಗೊತ್ತಿದ್ದರೆ ತೆರೆಯಬಹುದು. ಒಳಗೆ ಬರೆದ ಒಂದು ಗಾದೆಯನ್ನು ಹುಡುಕಹೋದರೆ ಸಿಕ್ಕುವುದಿಲ್ಲ. ‘ಕನ್ನಡದಲ್ಲಿ ಆಕರಗಳಿಲ್ಲ’ ಎಂದು ವಿಚಾರಸಂಕಿರಣಗಳಲ್ಲಿ ಗೋಳಿಡುವವರೂ ನಾವೇ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಆ ಹಿಂಬದಿಯ ಪುಟದ ಒಂದು ಸಾಲನ್ನು ಬದಲಿಸಿ. ಪ್ರಬಂಧ ಒಪ್ಪಿಸುವಾಗ ಯೂನಿಕೋಡಿನ ಪ್ರತಿ ಇಲ್ಲದೆ ಒಪ್ಪಿಕೊಳ್ಳಬೇಡಿ. ಲೇಖಕರು ಮುದ್ರಕರಿಂದ ತಮ್ಮ ಪುಸ್ತಕದ ಅಕ್ಷರಪ್ರತಿಯನ್ನು ಕೇಳಿ ಪಡೆಯಲಿ, ಅದಕ್ಕೆ ತಗಲುವ ಕೂಲಿಯನ್ನೂ ಕೊಡಲಿ. ಸನ್ಮಾನದ ಹಾರತುರಾಯಿಗೆ ಆಗುವ ಖರ್ಚಿಗಿಂತ ಅದು ಹೆಚ್ಚಾಗಲಾರದು. ಗಿರಾಕಿ ಕೇಳಿದರೆ ಮಾರೇನಹಳ್ಳಿಯ ಅಂಗಡಿಯಲ್ಲಿಯೂ ಸಿಕ್ಕುತ್ತದೆ. ಹೋದ ವಾರ ನೋಡಿದೆ, ಎರಡು ಕಂಪ್ಯೂಟರುಗಳಲ್ಲಿ ಒಂದರಲ್ಲಿ ಯಜಮಾನರ ಮಗಳು ಸ್ಕ್ರೈಬಸ್ಸನ್ನು ಹಾಕಿಕೊಂಡು ಯಾರದೋ ನಾಮಕರಣದ ಕಾರ್ಡನ್ನು ಜೋಡಿಸುತ್ತಿದ್ದಳು. “ಇವಳು ಏನೋ ಮಾಡ್ತಾ ಇರ್ತಾಳೆ ಮೇಷ್ಟ್ರೇ” ಎಂದರು ಯಜಮಾನರು. ದನಿಯಲ್ಲಿ ಸಿಟ್ಟಿರಲಿಲ್ಲ.

ಇನ್ನು ನನ್ನ ಟಿಪ್ಪಣಿಯ ವಿಚಾರ. ಪರಿವರ್ತಕದಲ್ಲಿ ಹಾಯಿಸಿ, ಕಣ್ಣಾಡಿಸಿ, ಎಲ್ಲ ಸರಿಯಿದೆಯೆಂದು ಆ ಹುಡುಗಿಗೆ ಕೊಟ್ಟೆ. ಎರಡು ದಿನ ಬಿಟ್ಟು ಅವಳು ಅಧ್ಯಾಪಕರ ಕೊಠಡಿಗೆ ಬಂದಳು.

“ಈಗ ಪೂರ್ತಿ ಓದುತ್ತೆ ಸರ್. ಒಂದು ಡೌಟು. ಪಂಪಭಾರತದಲ್ಲಿ ‘ಕಣ ಒಂಬತ್ತು’ ಅಂತ ಬರುತ್ತಲ್ಲ, ಅದು ಯಾರು?”

ನನಗೆ ತಲೆಬುಡ ತಿಳಿಯಲಿಲ್ಲ. ಅವಳ ಯಂತ್ರ ನಿಂತ ಜಾಗವನ್ನು ನೋಡಿದೆ. ಕಣ್ಣಿಗೆ ಕರ್ಣನೇ ಇದ್ದ. ಕಣ್ಣು ಇನ್ನಷ್ಟು ಹತ್ತಿರ ಒಯ್ದಾಗ ತಿಳಿಯಿತು. ಹದಿನೈದು ವರ್ಷಗಳ ಹಿಂದೆ ಅರ್ಕಾವೊತ್ತಿನ ಕೀಲಿ ಯಾವುದೆಂದು ತಿಳಿಯದೆ, ಆಕಾರ ಒಂದೇ ತಾನೆ ಎಂದು, ಅದರ ಜಾಗದಲ್ಲಿ ನಾನು ಒಂಬತ್ತರ ಅಂಕಿಯನ್ನು ಒತ್ತಿದ್ದೆ. ಅಷ್ಟು ವರ್ಷ ಓದಿದ ಹುಡುಗರಾಗಲಿ, ಕರಡು ನೋಡಿದ ಸಹೋದ್ಯೋಗಿಗಳಾಗಲಿ ಯಾರೂ ಕಂಡಿರಲಿಲ್ಲ. ಆ ರಾತ್ರಿ ಹುಡುಕಿಸಿದೆ. ಹದಿನಾಲ್ಕು ಪುಟಗಳಲ್ಲಿ ಅರವತ್ತೊಂದು ಕಡೆ ಇತ್ತು.